ಮನೆಯಲ್ಲೇ ಕಟ್ಟುತ್ತಿರುವ ಕಾರಿನ ಡಿಕ್ಕಿಗೆ ಯಾವ ಲಾಕ್ ಹಾಕಲಿ?

ಕಟಪಾಡಿ_ಶೆಡ್
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ ಎರಡು ಸೀಟಿನ ಕಾರೊಂದನ್ನು ಕಟ್ಟುತ್ತಿದ್ದೇನೆ. ಹಳೆ ಓಮ್ನಿಯ 796 ಸಿಸಿ ಎಂಜಿನ್, ಅದರದ್ದೇ ಗೇರ್‌ಬಾಕ್ಸ್, ಅದರದ್ದೇ ಹಿಂದಿನ ಆಕ್ಸಲ್. ಚೌಕಟ್ಟು ಕಬ್ಬಿಣದ ಪೈಪಿನದ್ದು, ಬಾಡಿ ಫೈಬರ್‌ನದ್ದು. ಎಂಜಿನ್ ಓಡಿತು, ಬ್ರೇಕ್ ಹಿಡಿಯಿತು, ದೀಪ ಉರಿಯಿತು. ಈಗ ಡಿಕ್ಕಿಯ ಬಾಗಿಲಲ್ಲಿ ಸಿಕ್ಕಿಬಿದ್ದಿದ್ದೇನೆ. ನಗಬೇಡಿ, ಮೂರು ಭಾನುವಾರ ಇದರಲ್ಲೇ ಹೋಯಿತು.

ಬಾಗಿಲು 95 ಸೆಂ.ಮೀ. ಅಗಲ, 70 ಸೆಂ.ಮೀ. ಉದ್ದ, ತೂಕ 7 ಕೆ.ಜಿ. ಹಿಂಜ್ ಸೀಟಿನ ಕಡೆ, ಲಾಕ್ ನಂಬರ್ ಪ್ಲೇಟಿನ ಕಡೆ. ಗುಜರಿಯಿಂದ ಯಾವುದೋ ಸಣ್ಣ ಕಾರಿನ ಲಾಕ್ ತಂದು ನಡುವೆ ಕೂರಿಸಿದೆ. ನಡುವೆ ಗಟ್ಟಿಯಾಗಿ ಕೂತಿತು. ಎರಡೂ ಮೂಲೆಗಳು ಮಾತ್ರ 6 ಮಿ.ಮೀ. ಎದ್ದು ನಿಂತಿವೆ. ನೀರು ತಡೆಯಲು ಸುತ್ತ ಬೀಡಿಂಗ್ ರಬ್ಬರ್ ಹಾಕಿದ ಮೇಲೆ ಇನ್ನೂ ಜಾಸ್ತಿಯಾಯಿತು.

ಹೊರಗಡೆ ಕೀ ತೂತು, ಹ್ಯಾಂಡಲ್ ಯಾವುದೂ ಕಾಣಬಾರದು ಅಂತ ನನ್ನ ಆಸೆ. ಗೆಳೆಯನೊಬ್ಬ ಕರೆಂಟಿನ ಲಾಕ್ ಹಾಕು, ಬಟನ್ ಒತ್ತಿದರೆ ಸಾಕು ಅನ್ನುತ್ತಾನೆ. ಅಪ್ಪ "ಎರಡು ಚಿಲಕ ಹಾಕಿ ಬೀಗ ಜಡಿ" ಅನ್ನುತ್ತಾರೆ. ಯಾವುದು ಹಾಕಲಿ? ಎಷ್ಟು ಹಾಕಲಿ?

ಕುಂದಾಪ್ರ_ಎಕ್ಸ್‌ಪ್ರೆಸ್
ಹೋಯ್, "ಕಾರಿನ ಡಿಕ್ಕಿ" ಅಂತ ನೋಡಿ ಯಾರಿಗೆ ಎಂತ ಆಯ್ತೋ ಅಂತ ಓಡಿ ಬಂದೆ.

ಗುಜರಿ_ಗುರು
ಅಪ್ಪ ಹೇಳಿದ್ದೇ ಸರಿ. ಹಿರಿಯರ ಮಾತು ಕೇಳಿ.

ವೈರ್_ಕುಡ್ಲ
ಕರೆಂಟಿನದ್ದೇ ಹಾಕಿ, ಯೋಚನೆ ಬೇಡ. 12 ವೋಲ್ಟ್ ಸೊಲೆನಾಯ್ಡ್ ಸಿಗುತ್ತದೆ, ಕರೆಂಟು ಕೊಟ್ಟರೆ ಒಳಗಿನ ಕಡ್ಡಿಯನ್ನು ಎಳೆಯುವ ಕಾಯಿಲ್. ಲಾಕ್‌ನ ಕೊಕ್ಕೆಯನ್ನು ಎಳೆದು ಬಿಡುತ್ತದೆ, ಬೀಡಿಂಗ್‌ನ ಒತ್ತಡಕ್ಕೆ ಬಾಗಿಲು ತಾನೇ ಮೇಲೆ ಬರುತ್ತದೆ. ಒಂದು ಮಾತು, ಸೊಲೆನಾಯ್ಡ್ ಎಳೆಯುವ ಆ ಒಂದು ಕ್ಷಣಕ್ಕೆ ಕರೆಂಟು ಜಾಸ್ತಿ ಬೇಕು. ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿಗೆ ನೇರವಾಗಿ ಕೊಟ್ಟರೆ ಸ್ವಿಚ್ಚೇ ಸುಟ್ಟು ಹೋಗುತ್ತದೆ. ನಡುವೆ ರಿಲೇ ಹಾಕಿ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು ಅದು. 30ನೇ ಪಿನ್ನಿಗೆ ಫ್ಯೂಸ್ ದಾಟಿ ಬ್ಯಾಟರಿ, 87ರಿಂದ ಸೊಲೆನಾಯ್ಡ್, 85 ಮತ್ತು 86ಕ್ಕೆ ಸ್ವಿಚ್ಚು ಮತ್ತು ಅರ್ತ್. ಬಟನ್ ಒತ್ತಿ ಹಿಡಿಯಬಾರದು, ತಟ್ಟಿ ಬಿಡಬೇಕು. ಹಿಡಿದರೆ ಕಾಯಿಲ್ ಕಾಯುತ್ತದೆ.

ನಿವೃತ್ತ_ಫಿಟ್ಟರ್
ವೈರ್ ಹಾಕುವ ಮೊದಲು ಬಾಗಿಲು ಸರಿಯಾಗಲಿ ಮಾರಾಯ್ರೆ. ಮೂಲೆ ಎದ್ದ ಬಾಗಿಲಿಗೆ ಬಟನ್ ಹಾಕಿದರೆ ಮೂಲೆ ಇಳಿಯುತ್ತದಾ?

ಕಟಪಾಡಿಯವರೇ, ಆ ಲಾಕನ್ನು ಬಿಚ್ಚಿ ಕೈಯಲ್ಲಿ ಹಿಡಿಯಿರಿ. ಒಂದು ಸ್ಕ್ರೂಡ್ರೈವರನ್ನು ಅದರ ಬಾಯೊಳಗೆ ಒತ್ತಿ. ಟಕ್, ಟಕ್ ಅಂತ ಎರಡು ಸಲ ಕೇಳಬೇಕು. ಒಳಗೆ ಏಡಿಯ ದೊಡ್ಡ ಕಾಲಿನ ಹಾಗೆ ಕವಲೊಡೆದ ತುಂಡೊಂದು ಸ್ಟ್ರೈಕರ್ ಕಂಬಿಯನ್ನು (ಲಾಕ್‌ನ ಬಾಯಿಗೆ ಎದುರಾಗಿ ಕೂರುವ ಕಂಬಿ) ಹಿಡಿದು ತಿರುಗುತ್ತದೆ. ಪಕ್ಕದ ಸಣ್ಣ ಕೊಕ್ಕೆ ಅದರ ಹಲ್ಲಿಗೆ ಬಿದ್ದು ಹಿಂದೆ ತಿರುಗದಂತೆ ತಡೆಯುತ್ತದೆ. ಮೊದಲ ಟಕ್ ಅರ್ಧ ಲಾಕ್, ಎರಡನೆಯದು ಪೂರ್ತಿ. ಒಂದೇ ಟಕ್ ಬಂದರೆ ಅದು ಒಂದೇ ಹಂತದ ಲಾಕ್, ಅಥವಾ ಹಲ್ಲು ಸವೆದಿದೆ. ಎರಡು ಹಂತದ್ದೇ ಬೇಕು. ಅರ್ಧ ಲಾಕ್ ಇರುವುದು ಪೂರ್ತಿ ಬೀಳದ ಬಾಗಿಲು ಹೆದ್ದಾರಿಯಲ್ಲಿ ಹಾರಿ ತೆರೆಯದಿರಲಿ ಅಂತ. ಆದರೆ ಅದರ ಶಕ್ತಿ ಕಡಿಮೆ. ಪಕ್ಕದ ಬಾಗಿಲಿನ ಲಾಕ್‌ಗೆ ಅಮೆರಿಕದ ನಿಯಮ ಪೂರ್ತಿ ಹಂತದಲ್ಲಿ 11,000 ನ್ಯೂಟನ್ ಕೇಳುತ್ತದೆ, ಅರ್ಧದಲ್ಲಿ ಸುಮಾರು 4,500 ಮಾತ್ರ.

ಇನ್ನೊಂದು ವಿಷಯ. ನೀವು ಡಿಕ್ಕಿ ಶಾಕರ್, ಅಂದರೆ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸಿನ ಕಡ್ಡಿ, ಹಾಕಿದ್ದೀರಾ? ಯಾವುದು?

ಕಟಪಾಡಿ_ಶೆಡ್
ಎರಡು ಟಕ್ ಬರುತ್ತದೆ ಸರ್. ಶಾಕರ್ ಹಾಕಿದ್ದೇನೆ, ಹಿಂಜ್ ಪಕ್ಕ ಎರಡೂ ಕಡೆ. ಅದೂ ಗುಜರಿಯದ್ದೇ. ಮೇಲೆ 380 ಎನ್ ಅಂತ ಬರೆದಿದೆ.

ನಿವೃತ್ತ_ಫಿಟ್ಟರ್
ಅದೇ ನೋಡಿ! ಕಬ್ಬಿಣ ಮತ್ತು ಗಾಜು ಸೇರಿ ಭಾರ ಇರುವ ಬಾಗಿಲಿನ ಶಾಕರನ್ನು 7 ಕಿಲೊ ಫೈಬರಿಗೆ ಕಟ್ಟಿದ್ದೀರಿ.

ಲೆಕ್ಕ ಹಾಕೋಣ. 7 ಕಿಲೊ ಅಂದರೆ ಸುಮಾರು 69 ನ್ಯೂಟನ್. ಭಾರದ ನಡು ಹಿಂಜ್‌ನಿಂದ 35 ಸೆಂ.ಮೀ. ದೂರ. ಗುಣಿಸಿದರೆ 24 ನ್ಯೂಟನ್ ಮೀಟರ್. ಶಾಕರ್ ತಳ್ಳುವ ಗೆರೆ ಹಿಂಜ್‌ನಿಂದ 10 ಸೆಂ.ಮೀ. ದೂರದಲ್ಲಿ ಹಾದುಹೋದರೆ ಒಟ್ಟು 240 ನ್ಯೂಟನ್ ಬೇಕು. ಎರಡಕ್ಕೆ ಹಂಚಿದರೆ ಒಂದಕ್ಕೆ 120. ಗಾಳಿಗೆ, ಹಳತಾಗುವುದಕ್ಕೆ ಅಂತ ಇನ್ನೊಂದು 20 ಸೇರಿಸಿ, ಅಲ್ಲಿಗೆ ಮುಗಿಯಿತು. ನಿಮ್ಮದು ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ. ಮುಚ್ಚಿದ ಮೇಲೂ ಅದು ತಳ್ಳುತ್ತಲೇ ಇರುತ್ತದೆ. ನಡುವೆ ಲಾಕ್ ಹಿಡಿದಿದೆ, ಬದಿಗಳಲ್ಲಿ ಶಾಕರ್ ಎತ್ತುತ್ತಿದೆ, ಫೈಬರ್ ಬಿಲ್ಲಿನ ಹಾಗೆ ಬಾಗುತ್ತಿದೆ. ಇವತ್ತೇ ಬಿಚ್ಚಿ, ಇಲ್ಲದಿದ್ದರೆ ಆ ಬಾಗು ಖಾಯಂ ಆಗುತ್ತದೆ.

ಹೊಸದು ಹಾಕುವಾಗ ಮುಚ್ಚಿದ ಸ್ಥಿತಿಯಲ್ಲಿ ತೆಳು ಕಡ್ಡಿಯ ತುದಿ ಕೆಳಗೆ ಬರಲಿ. ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತರೆ ಬಾಳಿಕೆ ಬರುತ್ತದೆ.

ಕಟಪಾಡಿ_ಶೆಡ್
ಈಗಷ್ಟೇ ಬಿಚ್ಚಿದೆ. 6 ಮಿ.ಮೀ. ಇದ್ದದ್ದು 3ಕ್ಕೆ ಇಳಿಯಿತು! ಫಿಟ್ಟರ್ ಸರ್, ನಿಮಗೊಂದು ಗೋಳಿಬಜೆ ಬಾಕಿ.

ಕುಂದಾಪ್ರ_ಎಕ್ಸ್‌ಪ್ರೆಸ್
ಒಂದಾ? ಪ್ಲೇಟೇ ಕೊಡಿಸಿ ಮಾರಾಯ್ರೆ, ಜಿಪುಣತನ ಎಂತಕೆ.

ಮಲ್ಪೆ_ಫೈಬರ್
ಉಳಿದ 3 ಮಿ.ಮೀ. ನನ್ನ ಇಲಾಖೆ. ನಾನು ದೋಣಿಗೆ ಫೈಬರ್ ಹಾಕುವವನು. ನಿಮ್ಮ ಬಾಗಿಲು ಒಂದೇ ಪದರದ ಚಪ್ಪಟೆ ಹಾಳೆ ಅಂತ ಕಾಣುತ್ತದೆ. ಕಬ್ಬಿಣದ ಬಾಗಿಲಿಗೆ ಒಳಗಡೆ ಇನ್ನೊಂದು ಹಾಳೆ ಇರುತ್ತದೆ, ಎರಡೂ ಸೇರಿ ಪೆಟ್ಟಿಗೆಯ ಹಾಗೆ ಆಗುತ್ತವೆ, ಅದಕ್ಕೇ ಅದು ಬಾಗುವುದಿಲ್ಲ. ದೋಣಿಯಲ್ಲಿ ನಾವು ಮುಚ್ಚಳದ ಒಳಗೆ ಫೋಮಿನ ಪಟ್ಟಿ ಇಟ್ಟು ಅದರ ಮೇಲೆ ಮತ್ತೆ ಎರಡು ಮೂರು ಪದರ ಫೈಬರ್ ಮ್ಯಾಟ್ ಹಾಕುತ್ತೇವೆ. ನೀವೂ ಸುತ್ತ ಒಂದು, ಅಡ್ಡ ಎರಡು ಪಟ್ಟಿ ಹಾಕಿ. ತೂಕ ಒಂದೂವರೆ ಕಿಲೊ ಏರಬಹುದು. ಬಾಗುವುದು ನಿಲ್ಲುತ್ತದೆ.

ಹಾಕುವಾಗ ಬಾಗಿಲನ್ನು ಕಾರಿನ ಮೇಲೆ ಅದರದ್ದೇ ಜಾಗದಲ್ಲಿಟ್ಟು, ಮೂಲೆ ಸರಿಯಾಗಿ ಕೂರುವಂತೆ ಭಾರ ಹೇರಿ, ಆಮೇಲೆ ಪಟ್ಟಿ ಕೂರಿಸಿ. ಮೇಜಿನ ಮೇಲಿಟ್ಟು ಮಾಡಿದರೆ ಮೇಜಿನ ಆಕಾರ ಬರುತ್ತದೆ, ಕಾರಿನದ್ದಲ್ಲ. ನನ್ನ ಮೊದಲ ದೋಣಿಯ ಮುಚ್ಚಳ ಹಾಗೇ ಆಗಿತ್ತು. ಮೇಜಿನ ಮೇಲೆ ಬಹಳ ಚಂದ ಕೂರುತ್ತಿತ್ತು.

ಮತ್ತೆ ಲಾಕನ್ನು ಫೈಬರಿಗೆ ನೇರ ಬೋಲ್ಟ್ ಮಾಡಬೇಡಿ. ನಾಲ್ಕು ದಿನ ಬಾಗಿಲು ಬಡಿದರೆ ತೂತಿನ ಸುತ್ತ ನಕ್ಷತ್ರದ ಹಾಗೆ ಬಿರುಕು ಬರುತ್ತದೆ. ಒಳಗೆ ಅಂಗೈ ಅಗಲದ ಲೋಹದ ತಗಡು ಹುದುಗಿಸಿ, ಬೋಲ್ಟ್ ಅದಕ್ಕೆ ಹೋಗಲಿ.

ಗುಜರಿ_ಗುರು
ಅಲ್ಯೂಮಿನಿಯಂ ತಗಡು ಹಾಕಲಿ, ಹಗುರ.

ಮಲ್ಪೆ_ಫೈಬರ್
ಬೇಡ ಅಣ್ಣ. ಅಲ್ಯೂಮಿನಿಯಂಗೆ ಸ್ಟೀಲ್ ಬೋಲ್ಟ್ ಹಾಕಿ ಉಪ್ಪು ನೀರು ತಾಗಿಸಿದರೆ ಅದು ಬ್ಯಾಟರಿಯ ಹಾಗೆ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಕಟಪಾಡಿಯಿಂದ ಕಡಲು ಎಷ್ಟು ದೂರ ಹೇಳಿ? ತಗಡೂ ಬೋಲ್ಟೂ ಎರಡೂ ಸ್ಟೇನ್‌ಲೆಸ್ ಇರಲಿ. 304 ಸಾಕಾಗುತ್ತದೆ, 316 ಸಿಕ್ಕಿದರೆ ಒಳ್ಳೆಯದು. ಅದರಲ್ಲಿ ಮಾಲಿಬ್ಡಿನಮ್ ಇರುವ ಕಾರಣ ಉಪ್ಪನ್ನು ಜಾಸ್ತಿ ತಡೆಯುತ್ತದೆ.

ವೈರ್_ಕುಡ್ಲ
ಹಾಗಾದರೆ ದೋಣಿಯ ಮುಚ್ಚಳಕ್ಕೆ ಹಾಕುವ ತಿರುಗಿಸಿ ಬಿಗಿಯುವ ಲಾಕನ್ನೇ ಹಾಕಬಹುದಲ್ವಾ? ರಬ್ಬರನ್ನು ಒತ್ತಿ ಹಿಡಿಯುತ್ತದೆ, ತುಕ್ಕೂ ಇಲ್ಲ.

ಮಲ್ಪೆ_ಫೈಬರ್
ಹಾಕಬಹುದು, ನೀರೂ ನಿಲ್ಲುತ್ತದೆ. ಆದರೆ ಅದು ಹೊರಗೆ ಕಾಣುತ್ತದೆ. ಬಡಿದರೆ ಮುಚ್ಚುವುದಿಲ್ಲ, ಪ್ರತಿ ಸಲ ಬಗ್ಗಿ ತಿರುಗಿಸಬೇಕು. ಎರಡು ಕೈಯಲ್ಲಿ ಮೀನಿನ ಚೀಲ ಹಿಡಿದು ನಿಂತಾಗ ಗೊತ್ತಾಗುತ್ತದೆ.

ಕಾಯ್ದೆ_ಕಟ್ಲೆ
ಲಾಕ್ ಇರಲಿ, ನಂಬರ್ ಪ್ಲೇಟ್ ಅಂದಿರಲ್ಲ, ಯಾವ ನಂಬರ್? ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಗೊತ್ತುಂಟಾ? 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಹೇಳಿದೆ, ಕಂಪನಿಯವರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ. ಓಮ್ನಿಯ ಆರ್‌ಸಿ ಇಟ್ಟುಕೊಂಡು ಇದನ್ನು ಹೆದ್ದಾರಿ 66ಕ್ಕೆ ಇಳಿಸಿದರೆ ಕಷ್ಟ.

ಕಟಪಾಡಿ_ಶೆಡ್
ಗೊತ್ತು ಸರ್. ಆ ಓಮ್ನಿಯ ಆರ್‌ಸಿ ರದ್ದು ಮಾಡಿಸಿಯಾಗಿದೆ. ಈ ಕಾರು ನಮ್ಮ ತೋಟದ ದಾರಿಯಲ್ಲಿ ಮಾತ್ರ ಓಡುವುದು, ಹೊರಗೆ ಹೋದರೆ ಲಾರಿಯ ಮೇಲೆ. ನಂಬರ್ ಪ್ಲೇಟಿನ ಜಾಗದಲ್ಲಿ ಮಗಳು ಬಿಡಿಸಿದ ಆಮೆಯ ಚಿತ್ರ ಉಂಟು.

ಕುಂದಾಪ್ರ_ಎಕ್ಸ್‌ಪ್ರೆಸ್
796 ಸಿಸಿಗೆ ಆಮೆ ಸರಿಯಾಗಿದೆ.

ನಿವೃತ್ತ_ಫಿಟ್ಟರ್
ತೋಟದ ದಾರಿ ಅಂತ ಸಸಾರ ಮಾಡಬೇಡಿ. ಗುಂಡಿಯಲ್ಲಿ ಕಾರು ಹಾರಿದಾಗಲೇ ಲಾಕ್‌ನ ಪರೀಕ್ಷೆ. ಬಾಗಿಲಿನ ಎರಡು ಬದಿಗೆ ತಿರುಗಿಸಿ ಎತ್ತರ ಬದಲಿಸುವ ರಬ್ಬರ್ ಗುಂಡಿ ಹಾಕಿ. ಬಾಗಿಲು ಅದರ ಮೇಲೆ ಕೂರಬೇಕು, ಲಾಕ್ ಅದನ್ನು ಕೆಳಗೆ ಎಳೆದಿರಬೇಕು. ಆಗ ಗಡಗಡ ಸದ್ದು ಬರುವುದಿಲ್ಲ. ಸದ್ದು ಬಂತು ಅಂತ ಬರೀ ಸ್ಟ್ರೈಕರನ್ನು ಕೆಳಗೆ ಇಳಿಸುತ್ತಾ ಹೋಗುವವರಿದ್ದಾರೆ. ಕೊನೆಗೆ ಬಾಗಿಲು ಮುಚ್ಚಲು ಮೇಲೆ ಕೂರಬೇಕಾಗುತ್ತದೆ.

ಪಡುಬಿದ್ರಿ_ಅಮ್ಮ
ನನಗೆ ಲಾಕ್ ಬಗ್ಗೆ ಏನೂ ಗೊತ್ತಿಲ್ಲ. ಮಗಳು ಇದ್ದಾಳೆ ಅಂತ ಓದಿ ಬರೆಯುತ್ತಿದ್ದೇನೆ.

ಹೋದ ಏಪ್ರಿಲ್ ರಜೆಯಲ್ಲಿ ನಮ್ಮ ಮನೆಯಲ್ಲಿ ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿದ್ದರು. ತಂಗಿಯ ಮಗ ಆರು ವರ್ಷದವನು, ಅಂಗಳದಲ್ಲಿ ನಿಂತ ಕಾರಿನ ಡಿಕ್ಕಿಯೊಳಗೆ ಹೋಗಿ ಬಾಗಿಲು ಎಳೆದುಕೊಂಡ. ಹತ್ತು ನಿಮಿಷ ಯಾರಿಗೂ ಗೊತ್ತಾಗಲಿಲ್ಲ. ಅವನು ಗೆದ್ದೆ ಅಂತ ಸುಮ್ನೆ ಕೂತಿದ್ದ, ಆಮೇಲೆ ಸೆಕೆಗೆ ಅಳು ಶುರುವಾಗಿದೆ. ಬಾವಿಕಟ್ಟೆಯಲ್ಲಿದ್ದ ನಮ್ಮ ಅತ್ತೆಗೆ ಬಡಿಯುವ ಸದ್ದು ಕೇಳಿದ್ದು ನಮ್ಮ ಪುಣ್ಯ. ತೆರೆದಾಗ ಹುಡುಗ ಬೆವರಿನಲ್ಲಿ ಮಿಂದು ಹೋಗಿದ್ದ. ಇವತ್ತಿಗೂ ನಾನು ಆ ಕಾರಿನ ಡಿಕ್ಕಿ ಮುಚ್ಚುವ ಮೊದಲು ಒಳಗೆ ಬಗ್ಗಿ ನೋಡುತ್ತೇನೆ. ನೀವೇ ಕಟ್ಟುವ ಕಾರು ತಾನೇ, ಒಳಗಿನಿಂದ ತೆರೆಯುವ ಹಾಗೆ ಏನಾದರೂ ಮಾಡಿ ಅಣ್ಣ.

ನಿವೃತ್ತ_ಫಿಟ್ಟರ್
ಅಕ್ಕ ಹೇಳಿದ್ದು ಇಲ್ಲಿ ಎಲ್ಲರಿಗಿಂತ ದೊಡ್ಡ ಮಾತು. ಅಮೆರಿಕದಲ್ಲಿ 1998ರ ಬೇಸಿಗೆಯಲ್ಲಿ ಕೆಲವೇ ವಾರಗಳಲ್ಲಿ 11 ಮಕ್ಕಳು ಹೀಗೆ ಡಿಕ್ಕಿಯೊಳಗೆ ಸಿಕ್ಕಿ ತೀರಿಹೋದರು. ಆಮೇಲೆ ಅಲ್ಲಿ ನಿಯಮ ಬಂತು. 2001ರ ಸೆಪ್ಟೆಂಬರ್ 1ರಿಂದ ತಯಾರಾದ ಡಿಕ್ಕಿ ಇರುವ ಕಾರಿಗೆಲ್ಲ ಒಳಗಿನಿಂದ ಬಿಡಿಸುವ ವ್ಯವಸ್ಥೆ ಇರಲೇಬೇಕು. ಕತ್ತಲಲ್ಲಿ ಹೊಳೆಯುವ ಹಿಡಿಕೆ ನೋಡಿರಬಹುದು, ಅದೇ. ಕೆಲಸ ಏನೂ ಇಲ್ಲ. ಲಾಕ್‌ನ ಕೊಕ್ಕೆಗೆ ಒಂದು ಸಣ್ಣ ಕೇಬಲ್, ತುದಿಗೆ ಹೊಳೆಯುವ ಪ್ಲಾಸ್ಟಿಕ್ಕಿನ ಹಿಡಿಕೆ. ಮಗುವಿನ ಕೈಗೆ ಎಟಕಬೇಕು, ಮಗುವಿನ ಬಲಕ್ಕೆ ಬಿಡಬೇಕು.

ಕಟಪಾಡಿ_ಶೆಡ್
ಹಾಕುತ್ತೇನೆ ಅಕ್ಕ. ಖಂಡಿತ. ಇದು ನನ್ನ ತಲೆಗೇ ಹೋಗಿರಲಿಲ್ಲ.

ಉಳಿದಂತೆ ಕರೆಂಟಿನದ್ದೇ ಹಾಕುವುದು ಅಂತ ಮನಸ್ಸು ಮಾಡಿದ್ದೇನೆ. ವೈರ್ ದೂರವೂ ಇಲ್ಲ, ಬ್ಯಾಟರಿ ಡಿಕ್ಕಿಯಲ್ಲೇ ಇದೆ.

ನಿವೃತ್ತ_ಫಿಟ್ಟರ್
ಬ್ಯಾಟರಿ ಎಲ್ಲಿದೆ?

ಗುಜರಿ_ಗುರು
ಅಯ್ಯೋ ದೇವರೇ.

ಮಲ್ಪೆ_ಫೈಬರ್
😂😂😂

ವೈರ್_ಕುಡ್ಲ
ಕರೆಂಟಿನ ಪಕ್ಷದವನು ನಾನೇ, ಆದರೂ ಈಗ ಸೋತೆ. ಕಟಪಾಡಿಯವರೇ, ಮಳೆಗಾಲದಲ್ಲಿ ಒಂದು ತಿಂಗಳು ಕಾರು ಓಡಿಸದೆ ನಿಲ್ಲಿಸುತ್ತೀರಿ. ಬ್ಯಾಟರಿ ಸತ್ತಿತು. ಚಾರ್ಜ್ ಮಾಡಲು ಡಿಕ್ಕಿ ತೆರೆಯಬೇಕು. ಡಿಕ್ಕಿ ತೆರೆಯಲು ಬ್ಯಾಟರಿ ಬೇಕು. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ.

ಇದು ದೊಡ್ಡ ಕಂಪನಿಗಳಿಗೂ ಗೊತ್ತು. ಪೋರ್ಷೆ 911ರ 997 ಮಾದರಿಯಲ್ಲಿ ಬ್ಯಾಟರಿ ಮುಂದಿನ ಡಿಕ್ಕಿಯೊಳಗಿದೆ, ಲಾಕ್ ಕರೆಂಟಿನದ್ದು. ಅದಕ್ಕೇ ಡ್ರೈವರ್ ಕಾಲಿನ ಹತ್ತಿರದ ಫ್ಯೂಸ್ ಪೆಟ್ಟಿಗೆಯಲ್ಲಿ ಹೊರಗೆ ಎಳೆಯುವ ಒಂದು ಟರ್ಮಿನಲ್ ಕೊಟ್ಟಿದ್ದಾರೆ. ಬೇರೆ ಬ್ಯಾಟರಿಯಿಂದ ಅಲ್ಲಿಗೆ ಕರೆಂಟು ಕೊಟ್ಟರೆ ಲಾಕ್ ತೆರೆಯುತ್ತದೆ. ನಾನು ಹೇಳುವುದು, ಬ್ಯಾಟರಿಯನ್ನು ಮುಂದಕ್ಕೆ ತನ್ನಿ.

ಕಟಪಾಡಿ_ಶೆಡ್
ಮುಂದೆ ಜಾಗ ಇಲ್ಲ ಮಾರಾಯ್ರೆ, ರೇಡಿಯೇಟರ್ ಫ್ಯಾನ್ ಕೂತಿದೆ. ತೂಕವೂ ಹಿಂದೆ ಬೇಕಿತ್ತು.

ನಿವೃತ್ತ_ಫಿಟ್ಟರ್
ಹಾಗಾದರೆ ಕೇಬಲ್. ಮಾರುತಿ 800ರಲ್ಲಿ ಡ್ರೈವರ್ ಸೀಟಿನ ಪಕ್ಕ ಇದ್ದ ಲಿವರ್ ನೆನಪುಂಟಾ? ಎಳೆದರೆ ಡಿಕ್ಕಿ ಟಪ್ ಅಂತ ತೆರೆಯುತ್ತಿತ್ತು. 1983ರಿಂದ 2014ರವರೆಗೆ ಆ ಕಾರು ಬಂತು. ಅಷ್ಟು ಕಾರುಗಳಲ್ಲಿ ನಡೆದದ್ದು ನಿಮ್ಮ ಕಾರಿನಲ್ಲಿ ನಡೆಯುವುದಿಲ್ಲವಾ? ಹೊರಗೆ ಏನೂ ಕಾಣುವುದಿಲ್ಲ, ನಿಮ್ಮ ಆಸೆಯೂ ಆಯಿತು. ಕೇಬಲ್ಲನ್ನು ದೊಡ್ಡ ಬಳಸಿನಲ್ಲಿ ತಿರುಗಿಸಿ, ಮುರಿದ ಹಾಗೆ ಮಡಿಸಬೇಡಿ. ಕೇಬಲ್ ತುಂಡಾಗುವ ದಿನವೂ ಬರುತ್ತದೆ. ಅದಕ್ಕೆ ಸೈಕಲ್ ಬ್ರೇಕಿನ ವೈರ್ ಒಂದನ್ನು ಬೇರೆಯಾಗಿ ಅದೇ ಕೊಕ್ಕೆಗೆ ಕಟ್ಟಿ, ತುದಿಯನ್ನು ಕಾರಿನ ಅಡಿಯಲ್ಲಿ ನಿಮಗೆ ಮಾತ್ರ ಗೊತ್ತಿರುವ ಕಡೆ ಅಡಗಿಸಿ.

ಗುಜರಿ_ಗುರು
ಮೂಲೆಗೊಂದರಂತೆ ಎರಡು ಲಾಕ್ ಹಾಕಿದರೆ ಇನ್ನೂ ಭದ್ರ ಅಲ್ವಾ? ಒಂದೇ ಕೇಬಲ್ ಎರಡು ಕವಲು ಮಾಡಿದರಾಯಿತು.

ನಿವೃತ್ತ_ಫಿಟ್ಟರ್
ಅದರಲ್ಲಿ ಒಂದು ಪೇಚುಂಟು ಗುರುಗಳೇ. ಎರಡೂ ಒಟ್ಟಿಗೆ ಬಿಡಬೇಕು. ಎಡದ್ದು ಬಿಟ್ಟಿತು, ಬಲದ್ದು ಬಿಡಲಿಲ್ಲ ಅಂತಿಟ್ಟುಕೊಳ್ಳಿ. ಬಾಗಿಲು ಏಳಲಿಲ್ಲ. ನೀವು ಲಿವರ್ ಬಿಟ್ಟ ಕೂಡಲೇ ಎಡದ್ದು ಮತ್ತೆ ಹಿಡಿಯುತ್ತದೆ. ಹೀಗೆ ಎಷ್ಟು ಸಲ ಎಳೆದರೂ ಅಷ್ಟೇ. ನಡುವೆ ತಕ್ಕಡಿಯ ಹಾಗೆ ಆಡುವ ಒಂದು ಪಟ್ಟಿ ಹಾಕಿ ಎರಡೂ ಕಡೆ ಎಳೆತ ಸಮ ಮಾಡಬೇಕು, ಒಂದೊಂದು ಕವಲಿನ ಉದ್ದವನ್ನೂ ಬೇರೆ ಬೇರೆ ಬಿಗಿಯುವ ಹಾಗಿರಬೇಕು. ಮಲ್ಪೆಯವರು ಹೇಳಿದ ಪಟ್ಟಿ ಹಾಕಿ ಬಾಗಿಲು ಗಟ್ಟಿಯಾದರೆ ಒಂದೇ ಲಾಕ್ ಸಾಕು. ಬಾಗಿಲು ಮೆತ್ತಗಿದೆ ಅಂತ ಲಾಕ್ ಜಾಸ್ತಿ ಮಾಡುವುದು ಕೆಲಸದಿಂದ ತಪ್ಪಿಸಿಕೊಳ್ಳುವ ದಾರಿ ಅಷ್ಟೇ.

ಗುಜರಿ_ಗುರು
ತಪ್ಪಿಸಿಕೊಳ್ಳುವುದು ಅಂತ ನನಗೇ ಹೇಳಿದ್ದಾ? ನನ್ನ ಜೀಪಿಗೆ ಎರಡು ಚಿಲಕ ಹಾಕಿ ಹನ್ನೊಂದು ವರ್ಷ ಆಯಿತು, ಇನ್ನೂ ಗಟ್ಟಿ ಇದೆ.

ಕುಂದಾಪ್ರ_ಎಕ್ಸ್‌ಪ್ರೆಸ್
ಜಗಳ ಬೇಡ, ಗೋಳಿಬಜೆ ಬರ್ತಾ ಉಂಟು.

ಮಲ್ಪೆ_ಫೈಬರ್
ಸ್ಟ್ರೈಕರ್ ಸರಿಯಾಗಿ ಲಾಕ್‌ನ ಬಾಯಿಗೆ ಬೀಳುತ್ತದಾ ಅಂತ ನೋಡಲು ನಾನು ಮಾಡುವ ಉಪಾಯ ಹೇಳುತ್ತೇನೆ. ಗೋಪಿಚಂದನ ತೇದು ಸ್ಟ್ರೈಕರ್ ಕಂಬಿಗೆ ಹಚ್ಚಿ. ಬಾಗಿಲನ್ನು ಮೆಲ್ಲಗೆ ಇಳಿಸಿ, ಲಾಕ್ ಬೀಳುವ ಮೊದಲೇ ಎತ್ತಿ. ಲಾಕ್‌ನ ಬಾಯಿಯಲ್ಲಿ ಎಡಕ್ಕೆ ಬಳಿದಿದೆಯೋ ಬಲಕ್ಕೆ ಬಳಿದಿದೆಯೋ ನೋಡಿ. ಸ್ಟ್ರೈಕರ್ ತಗಡಿನ ತೂತುಗಳನ್ನು ಉದ್ದ ಮಾಡಿಟ್ಟರೆ ಬೇಕಾದ ಕಡೆ ಸರಿಸಿ ಬಿಗಿಯಬಹುದು.

ಕುಂದಾಪ್ರ_ಎಕ್ಸ್‌ಪ್ರೆಸ್
ಉಡುಪಿಯ ಕೃಷ್ಣ ಗೋಪಿಚಂದನದ ಗಡ್ಡೆಯೊಳಗೆ ಹಡಗಿನಲ್ಲಿ ಮಲ್ಪೆಗೆ ಬಂದ ಅಂತ ಕಥೆ. ಈಗ ಗೋಪಿಚಂದನ ಡಿಕ್ಕಿ ಲಾಕ್‌ಗೂ ಬಂತು.

ಗುಜರಿ_ಗುರು
ಲಾಕ್‌ಗೆ ಸ್ವಲ್ಪ ತೆಂಗಿನೆಣ್ಣೆ ಬಿಡಿ, ನಯವಾಗಿ ಆಡುತ್ತದೆ.

ನಿವೃತ್ತ_ಫಿಟ್ಟರ್
ತೆಂಗಿನೆಣ್ಣೆ ದೋಸೆಗೆ. ಲಾಕ್‌ನಲ್ಲಿ ಧೂಳು ಸೇರಿ ಅಂಟಾಗುತ್ತದೆ. ಬಿಳಿ ಲಿಥಿಯಂ ಗ್ರೀಸ್ ಹಚ್ಚಿ.

ಮರೆಯುವ ಮೊದಲು ಇನ್ನೊಂದು. ಮೂಲೆ 3 ಮಿ.ಮೀ. ತಾನೇ ಅಂತ ಹಾಗೇ ಬಿಡಬೇಡಿ. ಓಡುವ ಕಾರಿನ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ, ಸೈಲೆನ್ಸರ್ ಹೊಗೆ ಅಲ್ಲೇ ಸುತ್ತುತ್ತದೆ. ಸಂದಿಯಿಂದ ಡಿಕ್ಕಿಗೆ, ಡಿಕ್ಕಿಯಿಂದ ಸೀಟಿನ ಹಿಂದಿನ ತೂತುಗಳ ಮೂಲಕ ನಿಮ್ಮ ಮೂಗಿಗೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು ಬಂದರೆ ಸೆಕೆಗೆ ಅಂದುಕೊಳ್ಳುತ್ತೀರಿ. ಬ್ಯಾಟರಿ ಅಲ್ಲೇ ಇರುವುದರಿಂದ ಡಿಕ್ಕಿಗೂ ಸೀಟಿಗೂ ನಡುವಿನ ಗೋಡೆ ಪೂರ್ತಿ ಮುಚ್ಚಿ, ಬ್ಯಾಟರಿಯ ಗ್ಯಾಸ್ ಹೊರಗೆ ಹೋಗಲು ಕೊಳವೆ ಕೊಡಿ.

ಕಟಪಾಡಿ_ಶೆಡ್
ಎರಡು ವಾರ ಬಿಟ್ಟು ಬರುತ್ತಿದ್ದೇನೆ. ಲೆಕ್ಕ ಒಪ್ಪಿಸುತ್ತೇನೆ.

ಬಾಗಿಲಿಗೆ ಫೋಮ್ ಪಟ್ಟಿ ಹಾಕಿದೆ, ಕಾರಿನ ಮೇಲಿಟ್ಟೇ. ಭಾರಕ್ಕೆ ಅಕ್ಕಿ ಮೂಟೆ ಇಟ್ಟೆ, ಅಮ್ಮ ಬೈದರು. ಈಗ ತೂಕ 8.4 ಕೆ.ಜಿ. ಮತ್ತೆ ಲೆಕ್ಕ ಹಾಕಿ 150 ನ್ಯೂಟನ್ ಶಾಕರ್ ಎರಡು ತಂದೆ. ಮೂಲೆಗಳು ಕೂತವು, ಒಂದು ಕಡೆ ಅರ್ಧ ಮಿಲಿಮೀಟರ್ ಇರಬಹುದು, ನನಗೆ ಮಾತ್ರ ಕಾಣುತ್ತದೆ. ಒಂದೇ ಲಾಕ್, ಸ್ಟೀಲ್ ತಗಡಿಗೆ. ಸೀಟಿನ ಹಿಂದೆ ಲಿವರ್, ಅಡಿಯಲ್ಲಿ ಸೈಕಲ್ ವೈರ್. ನಡುವಿನ ಗೋಡೆ ಮುಚ್ಚಿದೆ, ಬ್ಯಾಟರಿಗೆ ಕೊಳವೆ ಕೊಟ್ಟೆ. ಗೋಪಿಚಂದನದ ಉಪಾಯ ಬಹಳ ಚೆನ್ನಾಗಿದೆ. ಸ್ಟ್ರೈಕರ್ 4 ಮಿ.ಮೀ. ಬಲಕ್ಕೆ ಹೋಯಿತು.

ಒಳಗೆ ಹೊಳೆಯುವ ಹಿಡಿಕೆ ಹಾಕಿದೆ. ಮಗಳನ್ನು ಒಳಗೆ ಕೂರಿಸಿ, ಬಾಗಿಲನ್ನು ಕೈಯಲ್ಲಿ ಹಿಡಿದುಕೊಂಡು, ಸ್ಕ್ರೂಡ್ರೈವರಿನಿಂದ ಲಾಕ್ ಬೀಳಿಸಿ ಎಳೆಯಲು ಹೇಳಿದೆ. ಮೊದಲ ಸಲ ಆಗಲಿಲ್ಲ, ಅವಳಿಗೆ ಎಳೆತ ಗಟ್ಟಿಯಾಯಿತು. ಲಾಕ್‌ನ ಕೈಯನ್ನು ಎರಡು ಇಂಚು ಉದ್ದ ಮಾಡಿದೆ. ಈಗ ಒಂದು ಬೆರಳಿಗೆ ಬಿಡುತ್ತದೆ. ಪಡುಬಿದ್ರಿ ಅಕ್ಕ, ಇದು ನಿಮ್ಮ ಲೆಕ್ಕಕ್ಕೆ.

ಪಡುಬಿದ್ರಿ_ಅಮ್ಮ
ತುಂಬಾ ಸಂತೋಷ ಅಣ್ಣ. ಮಗಳಿಗೆ ಒಂದು ಚಾಕಲೇಟ್ ಕೊಡಿ.

ವೈರ್_ಕುಡ್ಲ
ಕರೆಂಟಿನ ಲಾಕ್ ಪೂರ್ತಿ ಕೈಬಿಟ್ಟಿರಾ? ಕೇಬಲ್ ಇರಲಿ, ಜೊತೆಗೆ ಸೊಲೆನಾಯ್ಡ್ ಕೂಡ ಹಾಕಬಹುದು.

ಕಟಪಾಡಿ_ಶೆಡ್
ಮುಂದಿನ ವರ್ಷ ನೋಡುವ. ಈಗ ಒಂದೇ ತಲೆನೋವು. ನಿನ್ನೆ ರಾತ್ರಿ ಒಳ್ಳೆಯ ಮಳೆ ಬಂತಲ್ವಾ, ಬೆಳಿಗ್ಗೆ ನೋಡಿದರೆ ಡಿಕ್ಕಿಯ ಎಡ ಮೂಲೆಯಲ್ಲಿ ಎರಡು ಚಮಚ ನೀರು. ಮೂಲೆ ಚೆನ್ನಾಗೇ ಕೂತಿದೆ. ಬೀಡಿಂಗ್‌ನ ಸುತ್ತ ಕಾಗದದ ಚೂರು ಇಟ್ಟು ಎಳೆದು ನೋಡಿದೆ, ಎಲ್ಲ ಕಡೆ ಬಿಗಿ ಇದೆ.

ಮಲ್ಪೆ_ಫೈಬರ್
ಬೀಡಿಂಗ್‌ನ ಎರಡು ತುದಿ ಸೇರುವ ಜಾಗ ಎಲ್ಲಿಟ್ಟಿದ್ದೀರಿ? ಅದು ನೇರ ಇರುವ ಕಡೆ ಬರಬೇಕು. ತಿರುವಿನಲ್ಲಿ ಇಟ್ಟರೆ ರಬ್ಬರ್ ಎಳೆದುಕೊಂಡು ಸಂದಿ ಬಿಡುತ್ತದೆ.

ಕಟಪಾಡಿ_ಶೆಡ್
ಎಡ ಮೂಲೆಯಲ್ಲೇ.